ತಪ್ಪಿಹೋದ ನೀರಿನ ಮಾತು

ನನ್ನ ಹಳೆಯ ಕಂಪ್ಯೂಟರ್ ಸೋಮವಾರ ಕಣ್ಣು ಮುಚ್ಚಿತು. ಗುರುವಾರ ಹಗರೆಯ ಒಂದು ಮನೆಯಲ್ಲಿ ಪಾಲು ಬರೆಯುವುದಿತ್ತು. ಅರಸೀಕೆರೆಯಲ್ಲಿ ಪತ್ರ ಬರೆಯುವ ಕಸುಬು ನನ್ನದು. ಮನೆಯವರು ಜಮೀನು ಹಂಚಿಕೊಳ್ಳುವಾಗ ಹಿರಿಯರು ಹೇಳಿದ್ದನ್ನು ಅಲ್ಲೇ ಟೈಪ್ ಮಾಡಿ, ಎಲ್ಲರೆದುರು ಓದಬೇಕು. ಓದಿದ್ದನ್ನು ಒಪ್ಪಿ ವೀಳ್ಯ ಕೊಟ್ಟು ತೆಗೆದುಕೊಂಡರೆ ಮುಗಿಯಿತು, ಆಮೇಲೆ ಒಂದಕ್ಷರ ಅಲುಗಾಡುವಂತಿಲ್ಲ. ಬರೆಯುವವನಿಗೆ ಅಲ್ಲಿ ಕೈ ಮಾತ್ರ, ಬಾಯಿ ಇಲ್ಲ.

ಹೊಸ ಲ್ಯಾಪ್‌ಟಾಪಿನ ಜೊತೆ ಬಂದಿದ್ದ ಟಿಪ್ಪಣಿ ಆ್ಯಪ್‌ನಲ್ಲಿ ಬಣ್ಣಕ್ಕೇನೂ ಬರವಿರಲಿಲ್ಲ. ಆದರೆ ಹೊಸ ಹಾಳೆಗೂ ಹುಡುಕುವುದಕ್ಕೂ ಕೈ ಕೀಲಿಗಳನ್ನು ಬಿಟ್ಟು ಕೆಳಗಿನ ಟಚ್‌ಪ್ಯಾಡ್ ಸವರಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಚಕ್ರ ತಿರುಗಿಸುತ್ತಾ ಕೂರುತ್ತದೆ. "ಪೆನ್ನಲ್ಲಿ ಬರ್ಕೊಳ್ಳೋಕೇನ್ರೀ ದಾಡಿ?" ಎಂದಳು ಹೆಂಡತಿ. ನನ್ನ ಕೈಬರಹ ನನಗೇ ಓದಲು ಬರುವುದಿಲ್ಲ ಎಂದು ಗೊತ್ತಿದ್ದೇ ಕೇಳುತ್ತಾಳೆ.

ಹಗರೆಯಲ್ಲಿ ಪಾಲುದಾರರು ಇಬ್ಬರೇ. ಅಣ್ಣ, ಮತ್ತು ತೀರಿಕೊಂಡ ತಮ್ಮನ ಹೆಂಡತಿ. ಹಳೇಬೀಡಿನಿಂದ ಬಂದಿದ್ದ ಸೋದರಮಾವ ಒಂದೊಂದಾಗಿ ಹೇಳುತ್ತಿದ್ದರು. ಬೋರ್‌ವೆಲ್ ಅಣ್ಣನ ಪಾಲಿಗೆ. ಆಕೆಯ ತೆಂಗಿನ ತೋಟಕ್ಕೆ ದಿನ ಬಿಟ್ಟು ದಿನ ನೀರು. ಅಷ್ಟರಲ್ಲಿ ಚಕ್ರ ತಿರುಗತೊಡಗಿತು. ನಾನು ಟೈಪ್ ಮಾಡುತ್ತಲೇ ಇದ್ದೆ. ಓದುವಾಗ, ಪೆದ್ದನ ಹಾಗೆ, ಪರದೆಯ ಮೇಲೆ ಕಂಡಷ್ಟನ್ನೇ ಓದಿದೆ. ಆಕೆ ಒಳಗೆ ಕಾಫಿ ಸೋಸುತ್ತಿದ್ದಳು. ಮಾವ ಫೋನಿನಲ್ಲಿದ್ದರು. ಆಕೆ ಕಾಫಿ ತಂದಿಟ್ಟದ್ದೇ ವೀಳ್ಯ ಆಗಿಹೋಯಿತು.

ನೀರಿನ ಮಾತೇ ಇಲ್ಲ ಎಂದು ತಿಳಿದದ್ದು ಮರುದಿನ ಕರಡು ಬರೆಯಲು ಕುಳಿತಾಗ. ಅಣ್ಣನಿಗೆ ಫೋನ್ ಮಾಡಿದೆ.

"ಓದ್ದಾಗ ಇರ್ಲಿಲ್ವಲ್ಲ ಸ್ವಾಮಿ. ವೀಳ್ಯ ಆದ್ಮ್ಯಾಕೆ ಹೊಸ್ದು ಸೇರುಸ್ತೀರಾ?"

ಅಂದರೆ, ಓದುವಾಗಲೇ ಆತ ಗಮನಿಸಿದ್ದ, ಸುಮ್ಮನಿದ್ದ. ನೀರಿಲ್ಲದೆ ಆಕೆಯ ಮರಗಳು ಎರಡು ಬೇಸಿಗೆ ಕಾಣುವುದಿಲ್ಲ. ಕೊನೆಗೆ ಮಾವನಿಗೆ ಹೇಳಿದೆ, ಮಾತೊಂದು ಬಿಟ್ಟುಹೋಗಿದೆ ಎಂದು. ಯಾರಿಂದ ಬಿಟ್ಟುಹೋಯಿತು ಎಂದು ಹೇಳಲಿಲ್ಲ. "ಭಾನುವಾರ ಬತ್ತೀನಿ, ನೀವೂ ಬನ್ನಿ" ಎಂದರು.

ಎರಡು ದಿನ ಹುಚ್ಚು ಹಿಡಿದವನಂತೆ ಆ್ಯಪ್ ಹುಡುಕಿದೆ. ಒಂದು ತೆರೆಯುವುದರೊಳಗೆ ಅರ್ಧ ಕಾಫಿ ಮುಗಿಯುತ್ತಿತ್ತು. ಇನ್ನೊಂದು ಒತ್ತಕ್ಷರ ಬಂದಾಗಲೆಲ್ಲ ತಡವರಿಸುತ್ತಿತ್ತು. ಮೂರನೆಯದು ಮೊದಲು ಪಾಸ್‌ವರ್ಡ್ ಕೊಡು ಎಂದು ಪಟ್ಟು ಹಿಡಿಯಿತು. ಶನಿವಾರ ಸಂಜೆ ಒಂದು ಬೋಳು ಆ್ಯಪ್ ಸಿಕ್ಕಿತು. ಎರಡು ಕೀಲಿ ಒತ್ತಿದರೆ ಖಾಲಿ ಹಾಳೆ. ನೆಟ್‌ವರ್ಕ್ ಬೇಡ, ಸೇವ್ ತಾನೇ ಆಗುತ್ತದೆ. ರೇಡಿಯೋ ವಾರ್ತೆ ಹಾಕಿ ಅದರ ಜೊತೆಜೊತೆಗೇ ಟೈಪ್ ಮಾಡಿ ನೋಡಿದೆ. ಒಂದು ಪದವೂ ಬೀಳಲಿಲ್ಲ. ಇನ್ನೇನೂ ಭಯವಿಲ್ಲ ಅಂದುಕೊಂಡೆ.

ಭಾನುವಾರ ಮಾವ ಅಣ್ಣನತ್ತ ತಿರುಗಿ, "ನೀರಿನ ಇಚಾರ ನೀನೇ ಯೋಳ್ಬುಡಪ್ಪ" ಎಂದರು.

ಆತ ಗಂಟಲು ಸರಿ ಮಾಡಿಕೊಂಡ. "ನಮ್ಮ ತೋಟಕ್ಕಾಗಿ ಮಿಕ್ಕುದ್ರೆ, ದಿನ ಬಿಟ್ಟು ದಿನ ಬುಡ್ತೀನಿ."

ಆತ ಬಾಯಿ ಮುಚ್ಚುವ ಮೊದಲೇ ಅದು ಪರದೆಯ ಮೇಲಿತ್ತು. ಓದಿದೆ. ಈ ಸಲ ಆಕೆ ಬಾಗಿಲಲ್ಲೇ ನಿಂತಿದ್ದಳು.

"ಮಿಕ್ಕುದ್ರೆ ಅನ್ನೋದು ಅವತ್ತು ಇರ್ಲಿಲ್ಲ" ಎಂದಳು.

"ಇತ್ತು ಕಣಮ್ಮ. ನೀನು ಒಳ್ಗಿದ್ದೆ."

ಮಾವ ಹಣೆ ಉಜ್ಜಿಕೊಂಡರು. ಅವರಿಗೆ ನೆನಪಾಗುತ್ತಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ವೀಳ್ಯದ ತಟ್ಟೆ ಆಗಲೇ ಅಣ್ಣನ ಕೈಗೆ ಬಂದಿತ್ತು. ಆಕೆ ನನ್ನನ್ನೇ ನೋಡುತ್ತಿದ್ದಳು. ನನ್ನ ಬೆರಳು ಕೀಲಿಗಳ ಮೇಲೇ ಇತ್ತು. ಇಪ್ಪತ್ತು ವರ್ಷದಲ್ಲಿ ಯಾವ ಪಾಲಿನಲ್ಲೂ ನಾನು ಬಾಯಿ ಬಿಟ್ಟವನಲ್ಲ. ಬಿಟ್ಟರೆ ನನ್ನನ್ನು ಯಾರು ಕರೆಯುತ್ತಾರೆ ಎಂಬ ಭಯ, ಸುಳ್ಳೇಕೆ, ಆಗಲೂ ಬಂತು.

"ಇರಲಿಲ್ಲ" ಎಂದೆ. "ದಿನ ಬಿಟ್ಟು ದಿನ ನೀರು ಅಂದಿದ್ದು, ಅಷ್ಟೇ. ನಾನು ಕೇಳಿಸಿಕೊಂಡಿದ್ದೆ. ನನ್ನ ಮಿಷನ್ ನುಂಗಿತು, ನಾನು ನೋಡಿಕೊಳ್ಳದೆ ಓದಿದೆ. ತಪ್ಪು ನನ್ನದು."

"ಬರೆಯೋಕ್ ಬಂದೋರು ಬರ್ಕೊಂಡ್ ಓಗ್ಬೇಕು" ಎಂದ ಅಣ್ಣ.

ಮಾವ ಆತನ ಕೈಯಿಂದ ತಟ್ಟೆ ತೆಗೆದು ತಮ್ಮ ಮಗ್ಗುಲಲ್ಲಿ ಇಟ್ಟುಕೊಂಡರು. "ಮಿಕ್ಕುದ್ರೆ ಅನ್ನೋದುನ್ನ ಅಳಸ್ರೀ" ಎಂದರು ನನಗೆ.

ಅಳಿಸಿದೆ. ಆಕೆ ಹೊಸಿಲು ದಾಟಿ ಬಂದು ಚಾಪೆಯ ಮೇಲೆ ಎಲ್ಲರ ಸಮಕ್ಕೆ ಕುಳಿತಳು.

"ಮೊದ್ಲಿಂದ ಓದಿ ಸಾರ್, ನನ್ ಎದ್ರುಗೇ" ಎಂದಳು.