ಎರಡೂವರೆಯ ಕೋವಿ

ನಾನು ಕೊಂಡದ್ದು ಹಳೆಯ ಕೋವಿ, ಜೋಡಿ ನಳಿಗೆಯದು. ಈಸೂರಿನ ಕಡೆಯ ಒಬ್ಬ ಯಜಮಾನರು ಹೊಲ ಕಾಯಲು ಇಟ್ಟುಕೊಂಡಿದ್ದರು. ಕಣ್ಣಿಗೆ ಮಂಜು ಕವಿದು ಎದುರು ನಿಂತವರ ಮುಖವೂ ಕಾಣದಂತಾದ ಮೇಲೆ ಅದನ್ನು ಕೊಡಲು ಮನಸ್ಸು ಮಾಡಿದರು. ನನಗೆ ಬೆಳೆ ರಕ್ಷಣೆಯ ಲೈಸೆನ್ಸ್ ಮಂಜೂರಾಗಿದ್ದೂ ಅದೇ ವರ್ಷ. ಜಡೆಯ ಹತ್ತಿರ ನನ್ನದು ನಾಲ್ಕು ಎಕರೆ. ಸ್ವಲ್ಪ ಗದ್ದೆ, ಉಳಿದದ್ದು ಮೆಕ್ಕೆಜೋಳ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಗಳ ಹಿಂಡು ನುಗ್ಗಿ, ತಿಂದದ್ದಕ್ಕಿಂತ ಹೆಚ್ಚು ತುಳಿದು ಹೋಗುತ್ತಿತ್ತು. ಪಟಾಕಿ, ತಗಡಿನ ಡಬ್ಬ, ಬೇಲಿಗೆ ಕಟ್ಟಿದ ಹಳೇ ಸೀರೆ ಎಲ್ಲವೂ ಅವಕ್ಕೆ ಅಭ್ಯಾಸವಾಗಿಬಿಟ್ಟಿದ್ದವು.

ಆ ಕೋವಿ ನನ್ನ ಎಡಗೈಯನ್ನು, ಜೊತೆಗೆ ಒಂದು ಕಣ್ಣನ್ನೂ ತೆಗೆದುಕೊಂಡು ಹೋಗುವುದರಲ್ಲಿತ್ತು. ಹೋಗಲಿಲ್ಲ. ಯಾರಿಂದ ಉಳಿಯಿತು ಎಂಬುದನ್ನು ಬರೆದಿಡಬೇಕು ಅಂತ ಇದನ್ನು ಬರೆಯುತ್ತಿದ್ದೇನೆ. ತಪ್ಪು ಕೋವಿಯದಲ್ಲ, ಅದನ್ನು ಕೊಟ್ಟವರದೂ ಅಲ್ಲ. ನನ್ನದೇ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಂಡವರ ಟ್ರ್ಯಾಕ್ಟರ್ ಓಡಿಸಿ, ಭತ್ತ ಕೊಯ್ಯುವ ಮಿಷನ್ನಿನ ಹಿಂದೆ ಊರೂರು ತಿರುಗಿ, ಆನವಟ್ಟಿಯಲ್ಲಿ ಮೂಟೆ ಹೊತ್ತು, ಕೊನೆಗೆ ಪಹಣಿಯಲ್ಲಿ ನನ್ನ ಹೆಸರು ಬರುವ ಹಾಗೆ ಮಾಡಿಕೊಂಡವನು. ಗೇರ್ ಬಾಕ್ಸ್ ಬಿಚ್ಚಿ ಮತ್ತೆ ಕಟ್ಟಬಲ್ಲೆ, ಯಾರೂ ಕಲಿಸಿಲ್ಲ. ಇಂಥವನ ಬಾಯಲ್ಲಿ 'ನನಗೆ ಗೊತ್ತಿಲ್ಲ, ಹೇಳಿಕೊಡಿ' ಎನ್ನುವ ಮಾತು ಸುಲಭಕ್ಕೆ ಬರುವುದಿಲ್ಲ.

ಕಾಗದಪತ್ರವೆಲ್ಲ ಮುಗಿದು ಕೋವಿ ಕೈಗೆ ಬಂದ ದಿನ ಯಜಮಾನರು ಅದರ ನಳಿಗೆಯನ್ನು ಪಂಚೆಯ ತುದಿಯಿಂದ ಒರೆಸುತ್ತ ಹೇಳಿದ್ದರು. ನಾವು ಕೋವಿ ಎನ್ನುವುದಕ್ಕೆ ಅವರು ಬಂದೂಕು ಅನ್ನುತ್ತಾರೆ.

"ತಮ್ಮಾ, ಇದು ಎರಡೂವರೆ ಬಂದೂಕು ಐತಿ. ಮರೀಬ್ಯಾಡ. ಎರಡೂವರೆ."

"ಗೊತ್ತು ಬಿಡ್ರಿ ಯಜಮಾನ್ರೆ" ಅಂದೆ.

ಏನೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ತಲೆಯಲ್ಲಿ ಅದೇ. ಏನು ಎರಡೂವರೆ? ಮನೆಗೆ ಬಂದವನೇ ಕೋವಿಯನ್ನು ಜಗಲಿಯ ಮೇಲೆ ಮಲಗಿಸಿ, ನಳಿಗೆಯ ತುದಿಯಿಂದ ಮೊಳ ಹಾಕಿದೆ. ಒಂದು ಮೊಳ, ಎರಡು ಮೊಳ, ಆಮೇಲೆ ಅರ್ಧಕ್ಕೆ ಸರಿಯಾಗಿ ಹಿಂಬದಿಯ ಮರ ಮುಗಿಯಿತು. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಹೆಂಡತಿಯನ್ನು ಕರೆದು, "ನೋಡೇ, ಎರಡೂವರೆ ಮೊಳದ ಕೋವಿ ಇದು" ಅಂತ ತೋರಿಸಿದೆ.

"ಮೊಳ ಹಾಕಕ್ಕೆ ಅದೇನು ಮಲ್ಲಿಗೆ ಹೂವೇನ್ರಿ?" ಅಂದು ಅವಳು ಒಳಗೆ ಹೋದಳು.

ಅಲ್ಲಿಂದ ಎರಡು ವಾರ ನನಗೆ ಹಬ್ಬ. ಹೆಗಲಿಗೆ ನೇತುಹಾಕಲು ಯಜಮಾನರು ನೂಲಿನ ಹಗ್ಗ ಕಟ್ಟಿಕೊಂಡಿದ್ದರು. ಅದನ್ನು ತೆಗೆದು ಆನವಟ್ಟಿಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಚರ್ಮದ ಪಟ್ಟಿ ಮಾಡಿಸಿದೆ. ನಾನು ಅವಸರ ಮಾಡಿದರೆ ಅವರು, "ಕೋವಿ ನಿಮ್ಮದು, ಹೊಲಿಗೆ ನನ್ನದು. ಹರಿದ್ರೆ ಜನ ನಿಮ್ಮನ್ನ ಬೈಯಲ್ಲ, ನನ್ನನ್ನ ಬೈತಾರೆ. ಕೂತ್ಕಳಿ" ಅಂದು ಎರಡೆಳೆಯಲ್ಲಿ ಹೊಲಿದರು. ಹಾರಿಸಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಭುಜಕ್ಕೆ ಒತ್ತಿಕೊಳ್ಳುವ ಕಡೆಗೆ ಅವರೇ ದಪ್ಪ ರಬ್ಬರ್ ಅಟ್ಟೆಯನ್ನು ಕೊಯ್ದು ಕೂರಿಸಿಕೊಟ್ಟರು. ನಳಿಗೆಯ ತುದಿಯಲ್ಲಿ ಗುರಿ ನೋಡುವ ಮಣಿ ಸವೆದಿತ್ತು. ಅಕ್ಕಸಾಲಿಯೊಬ್ಬರು ಜೋಳದ ಕಾಳಿಗಿಂತ ಚಿಕ್ಕದೊಂದು ಹಿತ್ತಾಳೆ ಮಣಿ ತಿರುಪಿ ಕೂರಿಸಿದರು. ಮರಕ್ಕೆ ಅಗಸೆ ಎಣ್ಣೆ ತಿಕ್ಕುವುದು ಮಾತ್ರ ನನ್ನ ಕೆಲಸ. ಏಳು ದಿನ ತಿಕ್ಕಿದೆ. ಕನ್ನಡಿಯಾಯಿತು.

ಆಮೇಲೆ ತೋಟಾ ತರಲು ಶಿವಮೊಗ್ಗಕ್ಕೆ ಹೋದೆ. ಅಂಗಡಿಯವರು ಲೈಸೆನ್ಸ್ ಪುಸ್ತಕ ನೋಡಿ ಕೇಳಿದರು:

"ಅರವತ್ತೈದಾ, ಎಪ್ಪತ್ತಾ?"

ಏನು ಅರವತ್ತೈದು, ಏನು ಎಪ್ಪತ್ತು? ಕೇಳಬಹುದಿತ್ತು. ಹಿಂದೆ ಇನ್ನಿಬ್ಬರು ನಿಂತಿದ್ದರು. ಟ್ರ್ಯಾಕ್ಟರಿನಲ್ಲಾದರೆ ಹೆಚ್ಚು ಇದ್ದದ್ದೇ ಗಟ್ಟಿ ಅಂತ ಲೆಕ್ಕ ಹಾಕಿ, "ಎಪ್ಪತ್ತು. ಅದರಲ್ಲೂ ದಪ್ಪ ಗುಂಡಿಂದೇ ಕೊಡಿ" ಅಂದೆ.

ಮನೆಯಲ್ಲಿ ಒಂದು ಹಾಕಿ ನೋಡಿದೆ. ಸಲೀಸಾಗಿ ಒಳಗೆ ಹೋಯಿತು. ನಡುವೆ ಮಡಚಿ ತೆರೆದಿದ್ದ ಕೋವಿ 'ಟಕ್' ಅಂತ ಮುಚ್ಚಿತು. ಇನ್ನೇನು ಬೇಕು? ಅವತ್ತು ಸಂಜೆಯೇ ಹೊಲದ ಬದುವಿನ ಮೇಲೆ ನಿಂತು ಮೊದಲ ಈಡು ಹಾರಿಸುವುದು ಅಂತ ನಿಶ್ಚಯಿಸಿದೆ. ತಡೆದವಳು ಹೆಂಡತಿ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಇನ್ನೊಬ್ಬರ ಕೈಯಲ್ಲಿ ದುಡಿದದ್ದನ್ನು ಕೊಂಡರೆ, ಕೆಲಸಕ್ಕೆ ಹಚ್ಚುವ ಮೊದಲು ಕೊಟ್ಟವರ ಮನೆಗೆ ಎಲೆ ಅಡಿಕೆ ಒಯ್ದು, 'ಶುರು ಮಾಡಲಾ' ಅಂತ ಕೇಳಿ ಬರಬೇಕು. ಇದು ನಮ್ಮಮ್ಮನ ಕಾಲದ್ದು, ಈಗ ಹೆಂಡತಿ ಹಿಡಿದುಕೊಂಡಿದ್ದಾಳೆ.

"ಅಷ್ಟು ದೂರ ಎಲೆ ಅಡಿಕೆ ಕೊಡಕ್ಕೆ ಹೋಗದಾ? ಒಂದು ದಿನದ ಕೆಲಸ ಹಾಳು" ಅಂದೆ.

"ಎಮ್ಮೆ ತಂದಾಗ ಹೋಗಿದ್ರಲ್ಲ? ಕೋವಿ ಎಮ್ಮೆಗಿಂತ ಸಾಧುವಾ? ಹೋಗಿ ಬರ್ರಿ ಸುಮ್ನೆ."

ಅವಳು ಹೇಳಿದ್ದಕ್ಕೆ ಹೋದೆ ಅಂದರೆ ಪೂರ್ತಿ ನಿಜವಲ್ಲ. ನಾನು ಮಾಡಿಸಿದ್ದನ್ನೆಲ್ಲ ಯಜಮಾನರಿಗೆ ತೋರಿಸುವ ಆಸೆಯೂ ಇತ್ತು. ಬೆಳಿಗ್ಗೆ ಕೋವಿಯನ್ನು ಚೀಲಕ್ಕೆ ಹಾಕಿ ಬೈಕಿಗೆ ಕಟ್ಟಿ, ಎರಡು ತೋಟಾ ಜೇಬಿಗೆ ಹಾಕಿಕೊಂಡು ಶಿಕಾರಿಪುರದ ದಾರಿ ಹಿಡಿದೆ.

ಯಜಮಾನರು ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ದನಿ ಕೇಳಿಯೇ ಗುರುತು ಹಿಡಿದರು. ಎಲೆ ಅಡಿಕೆ ಕೊಟ್ಟು ಕೋವಿಯನ್ನು ತೊಡೆಯ ಮೇಲಿಟ್ಟೆ. ನಾನು ಏಳು ದಿನ ತಿಕ್ಕಿದ ಹೊಳಪು ಅವರಿಗೆ ಕಾಣುವಂತಿರಲಿಲ್ಲ. ಬೆರಳಿನಿಂದ ಎಲ್ಲ ಸವರಿದರು.

"ಪಟ್ಟಿ ಹಾಕೀಯಲ್ಲೋ! ಹೊಲಿಗಿ ಗಟ್ಟಿ ಐತಿ. ಇದೇನಿದು, ಹಿಂದ ಮೆತ್ತಗ? ಮದುಮಗ ಮಾಡೀ ಬಿಡು ಇದನ್ನ. ನನ್ನ ಕೈಯಾಗ ಇದ್ದಾಗ ಹಗ್ಗ ಕಟ್ಕೊಂಡು ಬಡವರ ಹಂಗ ಇತ್ತು."

ನನಗೆ ಎದೆ ಉಬ್ಬಿತು. "ತೋಟಾನೂ ಜೋರಿಂದೇ ತಂದೀನಿ, ನೋಡ್ರಿ" ಅಂತ ಒಂದನ್ನು ಅವರ ಅಂಗೈಗೆ ಕೊಟ್ಟೆ.

ಅವರು ಅದನ್ನು ಹೆಬ್ಬೆರಳಿನ ಪಕ್ಕಕ್ಕೆ ನಿಲ್ಲಿಸಿ, ಇನ್ನೊಂದು ಕೈಯ ಬೆರಳಿನಿಂದ ತುದಿ ಮುಟ್ಟಿದರು. ಮತ್ತೊಮ್ಮೆ ಮುಟ್ಟಿದರು. ಮುಖದ ಮೇಲಿನ ನಗು ಹೋಯಿತು.

"ನನ್ನ ತೋಟಾ ಹೆಬ್ಬೆರಳಿನ ಈ ಗೆರಿಗೆ ನಿಲ್ತಿದ್ವು. ಇದು ದಾಟೈತಿ. ಎಷ್ಟು ಹಾರಿಸೀಯ?"

"ಒಂದೂ ಇಲ್ಲ. ಇವತ್ತು ಕೇಳಿಕಂಡು ಹೋಗಿ ಶುರು ಮಾಡಣ ಅಂತ..."

"ಹಾರಿಸಿಲ್ಲ?"

"ಇಲ್ರಿ."

ಅವರು ತೋಟಾವನ್ನು ಕಟ್ಟೆಯ ಮೇಲಿಟ್ಟರು. "ನಾ ಅವತ್ತೇ ಹೇಳಿದ್ನಿಲ್ಲೋ, ಎರಡೂವರೆ ಅಂತ?"

"ಎರಡೂವರೆ ಮೊಳ ಅಂದ್ಕಂಡೆ. ಅಳತೆ ಹಾಕಿ ನೋಡಿದೆ, ಸರಿ ಬಂತು."

ಅವರು ಬಾಯಿ ತೆರೆದು ನಗತೊಡಗಿದರು. ನಗುತ್ತಲೇ ಕೆಮ್ಮು ಬಂತು. "ಸರಿ ಬಂತಾ! ಅಳತಿ ಸರಿ ಬಂದದ್ದೇ ತಪ್ಪಾತು ನೋಡು. ಎರಡೂವರೆ ಇಂಚು, ತಮ್ಮಾ. ತೋಟಾ ಕೂರೋ ಮನಿ ಎರಡೂವರೆ ಇಂಚು."

ನಾನು ತಂದಿದ್ದ ಎಲೆಗಳಲ್ಲೇ ಒಂದನ್ನು ತೆಗೆದುಕೊಂಡು ತುದಿಯನ್ನು ಒಳಕ್ಕೆ ಮಡಚಿದರು. "ತೋಟಾದ ಬಾಯಿ ಹಿಂಗ ಮಡಚಿರತೈತಿ. ಅದಕ್ಕ ನಿನಗ ಒಳಗ ಹೋತು. ಹಾರಿದ ಕೂಡ್ಲೇ ಬಾಯಿ ಬಿಚ್ಚತೈತಿ." ಮಡಿಕೆ ಬಿಡಿಸಿದರು; ಎಲೆ ಉದ್ದವಾಯಿತು. "ಬಿಚ್ಚಾಕ ಜಾಗ ಬೇಕಲ್ಲ? ಹೊಸಾ ಬಂದೂಕಿನಾಗ ಇರತೈತಿ. ಇದರಾಗ ಇಲ್ಲ. ಹಳೇ ನಳಿಗಿ ಬ್ಯಾರೆ. ಬಾಯಿ ಸಿಕ್ಕಿಕೊಂಡು ಒತ್ತಡ ಹಿಂದಕ್ಕ ಬಂದ್ರ ಎಲ್ಲಿ ಸೀಳತೈತಿ ಹೇಳು?"

ನನ್ನ ಎಡಗೈ ನೋಡಿಕೊಂಡೆ. ಕೋವಿ ಹಿಡಿದಾಗ ಎಡಗೈ ನಳಿಗೆಯ ಬುಡದ ಕೆಳಗೇ ಇರುತ್ತದೆ. ಮುಖ ಅದರಿಂದ ಒಂದು ಮೊಳ ಹಿಂದೆ.

ನಳಿಗೆಯನ್ನು ಬಿಚ್ಚಿ ತಿರುಗಿಸಿ ಅಡಿಯಲ್ಲಿ ಓದು ಅಂದರು. ತಿಕ್ಕುವಾಗ ನಾನು ಆ ಗೀಚುಗಳನ್ನು ನೋಡಿದ್ದೆ, ಕಾರ್ಖಾನೆಯವರ ಮುದ್ರೆ ಇರಬೇಕು ಅಂತ ಬಿಟ್ಟಿದ್ದೆ. ಈಗ ಬಿಸಿಲಿಗೆ ಹಿಡಿದು ನೋಡಿದರೆ, ಎರಡರ ಅಂಕೆ. ಅದರ ಪಕ್ಕ ಚಿಕ್ಕದಾಗಿ ಒಂದರ ಅಂಕೆ, ಅದರ ಕೆಳಗೆ ಗೆರೆ, ಗೆರೆಯ ಕೆಳಗೆ ಮತ್ತೆ ಎರಡು. ಅರ್ಧ ಬರೆಯುವುದನ್ನು ಐದನೇ ಕ್ಲಾಸಿಗೆ ಮೊದಲೇ ಕಲಿತಿದ್ದೆ. "ಎರಡು... ಅರ್ಧ" ಅಂತ ಗಟ್ಟಿಯಾಗಿ ಓದಿದೆ.

"ಓದಾಕ ಬರತೈತಿ ನಿನಗ" ಅಂದರು ಯಜಮಾನರು. ಅಣಕವಿರಲಿಲ್ಲ ಅದರಲ್ಲಿ. ಆಮೇಲೆ ತಡಕಾಡಿ ನನ್ನ ಎಡಗೈಯನ್ನು ಹಿಡಿದುಕೊಂಡು ಸುಮಾರು ಹೊತ್ತು ಹಾಗೇ ಕೂತರು. ನಾನೂ ಬಿಡಿಸಿಕೊಳ್ಳಲಿಲ್ಲ. ನನ್ನಪ್ಪ ತೀರಿಹೋದ ಮೇಲೆ ಯಾರೂ ನನ್ನ ಕೈಯನ್ನು ಹಾಗೆ ಹಿಡಿದಿರಲಿಲ್ಲ.

ಹೊರಡುವಾಗ ಹೇಳಿದರು. "ಎರಡೂವರೆ ಇಂಚಂದ್ರ ಅರವತ್ತೈದು ಮಿಲಿಮೀಟರ್, ಅಂಗಡ್ಯಾಗ ಅರವತ್ತೈದು ಅಂತ ಕೇಳು. ಗುಂಡು ಸಣ್ಣದು ತಗೋ. ಹಂದಿ ಕೊಲ್ಲಾಕ ನಿನಗ ಯಾರೂ ಪರವಾನಗಿ ಕೊಟ್ಟಿಲ್ಲ, ಓಡಸಾಕ ಕೊಟ್ಟಾರ. ಓಡಸಾಕ ಸದ್ದು ಸಾಕು."

ಮಾರನೇ ದಿನ ಶಿವಮೊಗ್ಗದ ಅಂಗಡಿಯಲ್ಲಿ, ಹಿಂದೆ ಜನ ನಿಂತಿರುವಾಗಲೇ, "ನನಗೆ ಗೊತ್ತಿರಲಿಲ್ಲ, ತಪ್ಪು ಕೇಳಿದ್ದೆ" ಅಂದೆ. ಮಾತು ಸುಲಭಕ್ಕೆ ಬರಲಿಲ್ಲ, ಆದರೂ ಅಂದೆ. ಅಂಗಡಿಯವರು ಪುಸ್ತಕದಲ್ಲಿ ಬರೆಯಬೇಕಾದ್ದನ್ನು ಬರೆದು ಬದಲಾಯಿಸಿ ಕೊಡುತ್ತ, "ಎಪ್ಪತ್ತು ಅಂದಾಗ ನಿಮ್ಮ ದನಿ ಹೆಂಗಿತ್ತು ಅಂದ್ರೆ, ನೀವೇ ಕೋವಿ ಮಾಡಿದೋರು ಅಂದ್ಕಂಡೆ ಮಾರಾಯ್ರೆ" ಅಂದು ನಕ್ಕರು. ಹಿಂದೆ ನಿಂತವರೂ ನಕ್ಕರು. ನಾನೂ ನಕ್ಕೆ. ಪಟ್ಟಿ ಹೊಲಿದವರು ಕೋವಿಯನ್ನು ಚಂದ ಮಾಡಿಕೊಟ್ಟಿದ್ದರು. ಇವರು ಅದಕ್ಕೆ ಹೊಂದುವುದನ್ನು ಕೊಟ್ಟರು. ನಡುವೆ ಎಲೆ ಅಡಿಕೆ ಕಟ್ಟಿಕೊಟ್ಟು ಕಳಿಸಿದವಳು ಮನೆಯಲ್ಲಿದ್ದಳು. ಇವರಲ್ಲಿ ಯಾರ ಋಣ ಹೆಚ್ಚು ಅಂತ ತೂಗಲು ನನಗೆ ಬರುವುದಿಲ್ಲ.

ಅವತ್ತು ಸಂಜೆ ಹೊತ್ತು ಮುಳುಗುವ ಮೊದಲು ಬದುವಿನ ಮೇಲೆ ನಿಂತೆವು. ಹೆಂಡತಿ ಯಜಮಾನರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ತೋಳುದ್ದ ಹಿಡಿದುಕೊಂಡಳು, ಇನ್ನೊಂದು ಕೈಯಲ್ಲಿ ಕಿವಿ ಮುಚ್ಚಿಕೊಂಡಳು. ಜನವಿಲ್ಲದ ಗುಡ್ಡದ ಕಡೆ ಆಕಾಶಕ್ಕೆ ಹಿಡಿದು ಹಾರಿಸಿದೆ. ರಬ್ಬರ್ ಅಟ್ಟೆ ಭುಜಕ್ಕೆ ಒಂದು ಗುದ್ದು ಕೊಟ್ಟಿತು. ಜೋಳದೊಳಗಿಂದ ಬೆಳ್ಳಕ್ಕಿಗಳೆಲ್ಲ ಎದ್ದವು.

"ಇನ್ನೊಂದು ನಳಿಗಿ?" ಫೋನಿನಿಂದ ಯಜಮಾನರ ದನಿ ಬಂತು.

ಅದನ್ನೂ ಹಾರಿಸಿದೆ.

"ಸದ್ದು ಸರಿ ಐತಿ. ಕೈ?"

"ಎರಡೂ ಇದಾವೆ ಯಜಮಾನ್ರೆ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಹಂಗಾರ ಒಂದರಾಗ ಫೋನ್ ಇಡು, ಇನ್ನೊಂದರಾಗ ಕೆಲಸ ನೋಡು" ಅಂದರು.