ಮೈತುಂಬ ಕಣ್ಣಿನ ಹುಡುಗಿ

ಬೇವಿನ ಎಲೆಯನ್ನು ಅರಿಶಿನದ ಜೊತೆ ಅರೆಯುವ ವಾಸನೆ ಎಲ್ಲಿಂದ ತೇಲಿ ಬಂದರೂ ನನಗೆ ಇಂದಿಗೂ ಮಧ್ಯಾಹ್ನ ಮೂರು ಗಂಟೆಯಾಗುತ್ತದೆ. ತಮಿಳು ಸೀಮೆಯ ನಮ್ಮೂರು ಕಂಬಂನ ಠಾಣೆಯಲ್ಲಿ ಗಂಟೆ ಮೂರು ಹೊಡೆದದ್ದು ನಮ್ಮ ಬೀದಿಯವರೆಗೂ ಕೇಳಿಸಿತ್ತು. ಅದೇ ಹೊತ್ತಿಗೆ ಅವ್ವ, ಜ್ವರದಲ್ಲಿ ಮಡಿಲಿಗೆ ಒರಗಿದ್ದ ನನ್ನ ಪುಟ್ಟ ತಂಗಿ ಚಿನ್ನಿಯ ಹಣೆಗೂದಲು ಸರಿಸಿದಳು. ಸರಿಸಿದ ಕೈ ಅಲ್ಲೇ ನಿಂತಿತು. ಸಾಸಿವೆ ಕಾಳಿನಷ್ಟು ಕೆಂಪು ಗುಳ್ಳೆಗಳು. ಒಳಗೆ ಅಜ್ಜಿ ಒಗ್ಗರಣೆಗೆ ಕಾಯಲಿಟ್ಟಿದ್ದ ಎಣ್ಣೆಯನ್ನು ಒಲೆಯಿಂದ ಇಳಿಸಿ, ಬೇವು ಅರಿಶಿನ ಅರೆಯಲು ಕೂತಳು. ಸಿಡುಬಿಗೆ ನಮ್ಮವರು ರೋಗದ ಹೆಸರು ಹೇಳುತ್ತಿರಲಿಲ್ಲ, ಆತ್ತಾ ಎನ್ನುತ್ತಿದ್ದರು, ತಾಯಿ ಎಂದು. ತಾಯಿ ಬಂದು ಕೂತ ಮನೆಯಲ್ಲಿ ಒಗ್ಗರಣೆ ಸಿಡಿಯಬಾರದು, ಸುಣ್ಣ ಬಳಿಯಬಾರದು, ಅವಳ ಮೈಗೆ ಉರಿಯಾಗುವ ಯಾವುದೂ ನಡೆಯಬಾರದು. ಈ ಕಾಯಿಲೆ ಹೇಗೆ ಹರಡುತ್ತದೆಂದು ಕಾಲೇಜಿನಲ್ಲಿ ಓದಿದ್ದೇನೆ. ಆದರೂ ಆ ಕೈ ನಿಂತ ಗಳಿಗೆಗೆ ಹಿಂತಿರುಗಿ ಹೋಗಿ, ಇನ್ನೊಮ್ಮೆ ಕೂದಲು ಸರಿಸಿದರೆ ಹಣೆ ನುಣುಪಾಗಿರಬಹುದೇನೋ ಎಂದು ಈಗಲೂ ನೋಡುತ್ತೇನೆ.

ನಾಗತ್ತೆ ಅಪ್ಪನ ತಂಗಿ, ಗಂಡ ಸತ್ತ ಮೇಲೆ ತವರಿಗೆ ಬಂದವಳು. ಮುಂಬಾಗಿಲಲ್ಲಿ ಕೋಲ, ಅಂದರೆ ರಂಗೋಲಿ, ಬರೆಯುವುದು ಅವಳ ಕೈಗೆ ನಿಷಿದ್ಧವಾಗಿತ್ತು. ಆ ಕೈ ಹಿತ್ತಿಲ ಕೊಟ್ಟಿಗೆಗೆ ಹೋಯಿತು. ಬಿಳಿ ಗೋಡೆಯ ಮೇಲೆ ಕೆಮ್ಮಣ್ಣು, ಇದ್ದಿಲುಗಳಲ್ಲಿ ಅವಳು ನಮ್ಮ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಬರೆಯುತ್ತ ಬಂದಿದ್ದಳು. ಆದರೆ ಇದ್ದ ಹಾಗೆ ಅಲ್ಲ. ದೇವರಿಗೆ ಬಿಟ್ಟ ಹಸುಗಳನ್ನು ಮೇಯಿಸಿ ಮುದುಕನಾದ ತಾತನಿಗೆ ಹೋರಿಯ ಹಿಣಿಲು, ಕೊಂಬಿನ ತುದಿಯಲ್ಲಿ ಗೂಡು ಕಟ್ಟಿದ ಗುಬ್ಬಿ. ಅವ್ವನ ಹೊಟ್ಟೆ ಒಂದು ಬಾವಿ, ಅದರಲ್ಲಿ ಮೀನುಗಳು. ಬೆಟ್ಟದ ಮೇಲೆ ಅಣೆ ಕಟ್ಟುತ್ತಿದ್ದ ಕಾಲ ಅದು. ಅಪ್ಪ ಅಲ್ಲಿಗೆ ಗಾಡಿಯಲ್ಲಿ ಸುಣ್ಣ ಸಾಗಿಸುತ್ತಿದ್ದ. ಗೋಡೆಯಲ್ಲಿ ಅವನು ನೊಗ ಹೊತ್ತಿದ್ದ, ಎತ್ತುಗಳು ಗಾಡಿಯಲ್ಲಿ ಕಾಲು ಚಾಚಿ ಕೂತಿದ್ದವು. ಅಜ್ಜಿ ತನ್ನ ಚಿತ್ರ ನೋಡಿ, "ಅಡಿ ನಾಗಿ, ನಂಗೆ ಎಂಟು ಕೈ ಮಡಗಿದ್ದಿ, ಸರಿ. ಬಾಯ್ ಯಾಕೆ ಎರಡು?" ಎಂದಾಗ ಅತ್ತೆ, "ಒಂದು ನಿದ್ದೇಲೂ ಬೈಯಾಕೆ ಆತ್ತಾ" ಎಂದಿದ್ದಳು. ಎಲ್ಲವನ್ನೂ ನೋಡಬೇಕು, ಎಲ್ಲವನ್ನೂ ಕೇಳಬೇಕು ಎನ್ನುತ್ತಿದ್ದ ಚಿನ್ನಿಯನ್ನು ಮಾತ್ರ ಜ್ವರ ಬರುವ ಹಿಂದಿನ ವಾರವಷ್ಟೇ ಬರೆದಿದ್ದಳು: ನವಿಲು ಹುಡುಗಿ, ಮೈತುಂಬ ಕೆಂಪು ಕಣ್ಣುಗಳು.

ಗುಳ್ಳೆಗಳು ಮೈಯೆಲ್ಲ ಏಳುವಷ್ಟರಲ್ಲಿ ಬೀದಿಗೆ ಬೀದಿಯೇ ಆ ಚಿತ್ರದ ಮಾತಾಡತೊಡಗಿತು. ಬೀದಿಯ ಹಿರಿಯ ಬೊಮ್ಮಣ್ಣ ನಾಲ್ಕು ಜನರನ್ನು ಕಟ್ಟಿಕೊಂಡು, ಕೈಯಲ್ಲಿ ಸುಣ್ಣದ ಮಡಕೆ ಹಿಡಿದು ಬಂದ.

"ಚಿನ್ನಿ ಪುಳ್ಳೆ ಮೈಮೇಲೆ ಕೆಂಪಾಗಿ ಪೊಟ್ಟು ಪೊಟ್ಟಾಗಿ ಬರೆದು ಆತ್ತಾನ ಕೂಗ್ದೋಳು ಇವಳೇ. ಅದ ಅಳಿಸ್ತೀನಿ, ತಳ್ಳಿ ನಿಲ್ಲು."

ಅಜ್ಜಿ ಪಕ್ಕಕ್ಕೆ ಸರಿದು ನಿಂತಳು. "ಬಳಿ ಸಾಮಿ, ಬಳಿ. ಆತ್ತಾ ಒಳಗೇ ಕೂತವ್ಳೆ. ಸುಣ್ಣದ ಉರಿ ಹತ್ತಿದ್ರೆ ತಂಪು ತೇಡಿ ಹುಡುಕ್ಕೊಂಡು ಎಲ್ಲಿಗೆ ಬರ್ತಾಳೆ? ಮಡಕೆ ತಂದೋರ ಮನೇಗೆ. ನಿಂಗೂ ಮೊಮ್ಮಕ್ಕಳವೆ."

ಬೊಮ್ಮಣ್ಣ ಆ ಕಟ್ಟಳೆಯನ್ನು ಅವಸರದಲ್ಲಿ ಮರೆತಿದ್ದ. ಮಡಕೆಯನ್ನು ಮಗು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಹಿಂದೆ ಸರಿದ. ಆದರೂ ಮಾತು ಬಿಡಲಿಲ್ಲ. ಚಿನ್ನಿ ಉಳಿದರೆ, ತಾಯಿಯನ್ನು ಕಳಿಸುವ ಮೂರನೇ ತಲೆಸ್ನಾನದ ದಿನ ಗೋಡೆ ಬಿಳಿಯಾಗಬೇಕು. ಉಳಿಯದಿದ್ದರೆ ನಾಗತ್ತೆ ಊರು ಬಿಡಬೇಕು. ಅಜ್ಜಿ ಒಪ್ಪಿಕೊಂಡಳು.

ಆಮೇಲೆ ಚಿನ್ನಿಯ ರೆಪ್ಪೆಗಳು ಊದಿ ಅಂಟಿಕೊಂಡವು. ಬಾಳೆಯೆಲೆಯ ಮೇಲೆ ಮಲಗಿಸಿದ್ದರು. ಸೀರೆಯ ಅಂಚು ತಾಕಿದರೂ ಕಿರುಚುತ್ತಿದ್ದಳು. ಕಣ್ಣಿನೊಳಗೂ ಗುಳ್ಳೆ ಎದ್ದರೆ ಅವು ಮತ್ತೆ ತೆರೆಯುವುದಿಲ್ಲವೆಂದು ಅವ್ವನಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ನಾಗತ್ತೆ ಬೇವಿನ ಕೊಂಬೆಯಿಂದ ಗಾಳಿ ಬೀಸುತ್ತ ಅವಳ ಪಕ್ಕದಿಂದ ಏಳಲೇ ಇಲ್ಲ. ಗೋಡೆಯ ಹತ್ತಿರ ಹೋಗುವಂತಿರಲಿಲ್ಲವಲ್ಲ, ಬಾಯಿಂದಲೇ ಬರೆಯತೊಡಗಿದಳು. ತಾತ ಇವತ್ತು ಏನಾಗಿದ್ದಾನೆ, ಅವ್ವನ ಬಾವಿಯಲ್ಲಿ ಯಾವ ಹೊಸ ಮೀನು ಬಂತು, ಹೀಗೆ. ಒಂದು ಸಂಜೆ, "ಬೊಮ್ಮಣ್ಣ ಮಾಮ ಸುಣ್ಣದ ಮಡಕೆ ಆಗವ್ನೆ, ನನ್ ಕಣ್ಣೇ. ಎರಡು ಗಿಡ್ಡ ಕಾಲು. ಓಡಿದ್ರೆ ತುಳುಕ್ತಾನೆ, ನಿಂತ್ರೆ ಗಟ್ಟಿಯಾಗ್ತಾನೆ" ಎಂದಳು. ಒಡೆದ ತುಟಿಗಳ ನಡುವಿನಿಂದ ಸಣ್ಣ ಸದ್ದು ಬಂತು. ನೋವೆಂದುಕೊಂಡು ಅವ್ವ ಬಾಗಿದಳು. ಚಿನ್ನಿ ನಗುತ್ತಿದ್ದಳು. "ಮೀಸೆ ಎಲ್ಲಿ, ಅತ್ತೆ?" ಎಂದು ಕೇಳಿದಳು.

ಹಕ್ಕಳೆ ಉದುರುವ ಹೊತ್ತಿಗೆ ಮೊದಲು ಒಂದು ಕಣ್ಣು ಬಿರಿಯಿತು, ಮರುದಿನ ಇನ್ನೊಂದು. ಎರಡರಲ್ಲೂ ಬೆಳಕಿತ್ತು.

ಮೂರನೇ ನೀರಿನ ದಿನ ಅಜ್ಜಿ ಮಾತಿಗೆ ತಪ್ಪಲಿಲ್ಲ. ಬೊಮ್ಮಣ್ಣ ತಾನೇ ಸುಣ್ಣ ಕಲಸಿಕೊಟ್ಟು, ಯಾಕೋ ನೋಡಲಾರದೆ ಹೊರಗೆ ಹೋಗಿ ನಿಂತ. ನಾಗತ್ತೆ ಕುಂಚವನ್ನು ಯಾರಿಗೂ ಕೊಡಲಿಲ್ಲ. ತಾತ ಹೋದ, ಬಾವಿ ಹೋಯಿತು, ಎತ್ತುಗಳು ಹೋದವು. ನವಿಲು ಹುಡುಗಿಯ ಮುಂದೆ ಬಂದಾಗ ಕುಂಚವನ್ನು ಕೆಳಗಿಟ್ಟು, ಬೆರಳನ್ನು ಸುಣ್ಣದಲ್ಲಿ ಅದ್ದಿ, ಒಂದೊಂದು ಕಣ್ಣನ್ನೂ ಮೇಲಿಂದ ಕೆಳಕ್ಕೆ, ರೆಪ್ಪೆ ಮುಚ್ಚಿಸುವ ಹಾಗೆ ಸವರಿದಳು. ನೋಡುತ್ತ ಕೂತಿದ್ದ ಚಿನ್ನಿ, ಎಲ್ಲ ಕಣ್ಣುಗಳೂ ಮುಚ್ಚುವ ಮೊದಲೇ ಅವ್ವನ ತೊಡೆಯ ಮೇಲೆ ತೂಕಡಿಸಿದಳು.

ಅತ್ತೆ ಆಮೇಲೆ ಬಹಳ ವರ್ಷ ಬದುಕಿದಳು. ಗೋಡೆಯೂ ಇತ್ತು, ಕೆಮ್ಮಣ್ಣೂ ಇತ್ತು; ಅವಳು ಬರೆಯಲಿಲ್ಲ. ಗೋಡೆ ಬಿಳಿಯಾದ ಆ ರಾತ್ರಿ ಮಾತ್ರ, ಎಷ್ಟೋ ದಿನಗಳ ಮೇಲೆ, ನಮ್ಮ ಮನೆಯಲ್ಲಿ ಬೆಳಗಿನವರೆಗೂ ಒಬ್ಬರಿಗೂ ಎಚ್ಚರವಾಗಲಿಲ್ಲ.