ಇವತ್ತು ಸಮುದ್ರ ಹೆಂಗೈತಿ

ಕುಮಟಾದ ಕಡೆಯ ಬಾಡ ಎಂಬ ಊರಿನ ಹತ್ತಿರದ ಕಡಲತೀರದಲ್ಲಿ ನಮ್ಮ ಅಪ್ಪನದೊಂದು ಚಾದಂಗಡಿ ಇತ್ತು. ಮೊದಲು ಅವನು ಅಘನಾಶಿನಿ ಹೊಳೆ ದಾಟಿಸುವ ತಾರಿಯಲ್ಲಿ ದೋಣಿ ನಡೆಸುತ್ತಿದ್ದ. ಮಂಡಿನೋವು ಜಾಸ್ತಿಯಾಗಿ ದೋಣಿ ಬಿಟ್ಟ ಮೇಲೆ ಗಾಳಿಮರಗಳ ನೆರಳಲ್ಲಿ ನಾಲ್ಕು ಕಂಬ ನೆಟ್ಟು, ಮೇಲೆ ತೆಂಗಿನ ಮಡ್ಲು ಹೊದಿಸಿ ಅಂಗಡಿ ಹಾಕಿದ. ನಾನು ಕುಮಟಾದಲ್ಲಿ ಬಿ.ಎ. ಮುಗಿಸಿ, ಕೆಲಸ ಸಿಗದೆ, ಮದುವೆಯೂ ಕೂಡಿಬರದೆ ಅಪ್ಪನ ಜೊತೆ ಅಲ್ಲೇ ನಿಂತೆ. ಬೆಳಿಗ್ಗೆ ಚಾ, ಬನ್ಸು, ಅವಲಕ್ಕಿ. ರವಿವಾರ ಮಾತ್ರ ಊಟ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ತೀರಕ್ಕೆ ಜನ ಬರುವುದು ಹೆಚ್ಚಾಯಿತು. ಶಿರಸಿಯವರು, ಹುಬ್ಬಳ್ಳಿಯವರು ಟೆಂಪೋ ಮಾಡಿಕೊಂಡು ಬರುತ್ತಿದ್ದರು. ಅಂಗಡಿಯಲ್ಲಿ ಕಾಸು ಹಾಕಿ ಮಾತಾಡುವ ಕೆಂಪು ಡಬ್ಬಿಯ ಫೋನು ಇತ್ತು. ಅದರ ನಂಬರು ಹೇಗೋ ಟೆಂಪೋ ಡ್ರೈವರುಗಳ ಕೈಸೇರಿ, ಹೊರಡುವ ಮೊದಲು ಫೋನ್ ಮಾಡಿ ಕೇಳುವ ರೂಢಿಯಾಯಿತು. ಇವತ್ತು ಸಮುದ್ರ ಹೇಗಿದೆ? ತೆರೆ ದೊಡ್ಡದೋ, ಸಣ್ಣದೋ? ಮಕ್ಕಳನ್ನು ಇಳಿಸಬಹುದೋ? ಅಪ್ಪ ಬಾಗಿಲಲ್ಲಿ ನಿಂತು ನೋಡಿ ಹೇಳುತ್ತಿದ್ದ, ನಾನು ಫೋನಿನಲ್ಲಿ ಒಪ್ಪಿಸುತ್ತಿದ್ದೆ. ಹಿಂದಿನ ಸಂಜೆ ರೇಡಿಯೋದಲ್ಲಿ ಮೀನುಗಾರರಿಗೆ ಕೊಡುವ ಹವಾಮಾನದ ಸೂಚನೆಯನ್ನೂ ಅದಕ್ಕೆ ಸೇರಿಸುತ್ತಿದ್ದೆ. ಸುಳ್ಳು ಯಾಕೆ, ನನಗೆ ಆ ಕೆಲಸ ಖುಷಿ ಕೊಡುತ್ತಿತ್ತು. ಊರೂರಿನ ಜನ ನನ್ನ ಮಾತು ಕೇಳಿ ಹೊರಡುತ್ತಾರೆ, ಅಥವಾ ಹೊರಡದೆ ಉಳಿಯುತ್ತಾರೆ ಅನ್ನುವುದೇ ಒಂದು ದೊಡ್ಡಸ್ತಿಕೆ.

ಅಂಥದ್ದರಲ್ಲಿ ಒಂದು ದಸರೆ ರಜೆಯಲ್ಲಿ ಹುಬ್ಬಳ್ಳಿಯ ಕಾಲೇಜು ಹುಡುಗರ ಗುಂಪೊಂದು ಬಂತು. ಅವರು ಫೋನ್ ಮಾಡಿ ಬಂದವರಲ್ಲ. ಅಂಗಡಿಯ ಕಡೆಗೂ ಬರದೆ, ಬಂಡೆಗಳ ಪಕ್ಕ, ನೀರು ಒಳಗೆಳೆಯುವ ಜಾಗದಲ್ಲೇ ಇಳಿದರು. ಕೂಗು ಕೇಳಿ ಅಪ್ಪ ಕುಂಟುತ್ತ ಓಡಿದ. ಉಳಿದವರು ಹೇಗೋ ದಡ ಸೇರಿದರು, ಒಬ್ಬ ಸೇರಲಿಲ್ಲ. ದೋಣಿಗಳು ಹೋದವು, ಪೊಲೀಸರು ಬಂದರು, ಊರಿಂದ ಗಂಡಸರು ಬಂದು ತೀರದುದ್ದಕ್ಕೂ ನಡೆದರು. ಹುಡುಗ ಸಿಗಲಿಲ್ಲ. ಸಮುದ್ರ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಎಲ್ಲಾದರೂ ತಂದು ಹಾಕುತ್ತದೆ. ಅವನನ್ನು ಹಾಕಲಿಲ್ಲ. ಬಂದ ಗಂಡಸರು ವಾಪಸು ಹೋದರು.

ಅದಾದ ಸ್ವಲ್ಪ ದಿನಕ್ಕೆ ಒಂದು ಹೆಂಗಸಿನ ಫೋನು ಬರತೊಡಗಿತು. ಬೆಳಿಗ್ಗೆ, ನಾನು ಒಲೆಗೆ ಪಾತ್ರೆ ಇಟ್ಟ ಹೊತ್ತಿಗೆ.

"ಇವತ್ತ ಸಮುದ್ರ ಹೆಂಗೈತ್ರಿ?"

ಹೇಳಿದೆ. ತೆರೆ ಎಷ್ಟೆತ್ತರ ಎಂದು ಆಕೆ ಕೇಳಲಿಲ್ಲ. ಮಕ್ಕಳ ಬಗ್ಗೆ ಕೇಳಲಿಲ್ಲ.

"ಗಾಳಿ ಯಾವ ಕಡೀಂದ ಬರಾಕತ್ತೈತಿ?"

"ಬಡಗಿನಿಂದ."

"ಅಂದ್ರ ನೀರು ತೆಂಕಿನ ಕಡೆ ಹೊಂಟೈತೇನು?"

ಅಪ್ಪನನ್ನು ಕೇಳಿ ಹೌದೆಂದೆ. "ಚೊಲೋ ಆತವ್ವಾ" ಎಂದು ಇಟ್ಟುಬಿಟ್ಟಳು.

ದಿನಾ ಹೀಗೇ. ಧ್ವನಿ ಮೆದು, ಮಾತು ಸ್ಪಷ್ಟ, ತರಗತಿಯಲ್ಲಿ ಪಾಠ ಹೇಳುವವರ ಹಾಗೆ. ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಟೀಚರು ಇರಬೇಕು ಅಂದುಕೊಂಡಿದ್ದೆ. ಆದರೆ ಆಕೆಯ ಜನ ಒಬ್ಬರೂ ಬರಲಿಲ್ಲ. ಒಂದು ಸಲ ಅಪ್ಪ ಚಾ ಸೋಸುತ್ತ, "ಆ ಹೆಂಗಸು ದಿನಾ ಗಾಳಿ ಕೇಳ್ತದಲ್ಲ, ಅದು ಎಂತಕ್ಕೆ ಅಂತ ಕೇಳಿ ನೋಡು" ಎಂದ. ನಾನು ಕೇಳಲಿಲ್ಲ. ಯಾಕೋ ಆ ಧ್ವನಿಗೆ ಪ್ರಶ್ನೆ ಹಾಕಲು ಬಾಯಿ ಬರುತ್ತಿರಲಿಲ್ಲ. ಮಳೆಗಾಲ ಬಂತು, ತೀರ ಖಾಲಿಯಾಯಿತು, ಟೆಂಪೋದವರ ಫೋನುಗಳು ನಿಂತವು. ಆಕೆಯ ಫೋನು ನಿಲ್ಲಲಿಲ್ಲ. ಹೊರಗೆ ಸಮುದ್ರ ಬೋರ್ಗರೆಯುವಾಗ ನಾನು ರಿಸೀವರು ಕಿವಿಗೊತ್ತಿ ಪಡುಗಾಳಿ, ಕಪ್ಪುನೀರು, ದೊಡ್ಡ ತೆರೆ ಎಂದು ಕೂಗಿ ಹೇಳುವುದು, ಆ ಕಡೆಯಿಂದ "ಹೂಂ, ಹೂಂ" ಎಂದು ಕೇಳುವುದು.

ಅದರ ಮುಂದಿನ ಬೇಸಿಗೆ ರಜೆಯಲ್ಲಿ ಆಕೆ ಬಂದರು. ಕುಮಟಾದಿಂದ ಬರುವ ಬಸ್ಸು ಇಳಿದು, ನಡೆದು, ಅಂಗಡಿಯ ಬೆಂಚಿನ ಮೇಲೆ ಸಮುದ್ರಕ್ಕೆ ಬೆನ್ನು ಮಾಡಿ ಕೂತರು. ಕಾಟನ್ ಸೀರೆ, ಭುಜಕ್ಕೊಂದು ಚೀಲ, ವಯಸ್ಸು ಐವತ್ತರ ಆಸುಪಾಸು. ಚಾ ಬೇಕೇ ಎಂದೆ.

"ಕೊಡವ್ವಾ. ಫೋನ್ ಮಾಡತಿದ್ದಾಕಿ ನಾನು."

ಆಮೇಲೆ ತಾವೇ ಹೇಳಿದರು. ಹುಬ್ಬಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಅಕ್ಕೋರು. ಆ ದಸರೆ ರಜೆಯಲ್ಲಿ ನೀರುಪಾಲಾದವನು ಅವರ ಮಗ. ಗಾಳಿ, ನೀರಿನ ಸೆಳೆತ ತಿಳಿದುಕೊಂಡು, ಅವನು ಎಲ್ಲಿ ದಡಕ್ಕೆ ಬಂದಾನು ಎಂದು ಲೆಕ್ಕ ಹಾಕಿ, ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತುತ್ತಿದ್ದರು. ನಾನು ನೀರು ತೆಂಕಿಗೆ ಎಂದ ವಾರ ಹೊನ್ನಾವರ, ಕಾಸರಕೋಡು, ಇನ್ನೂ ಮುಂದೆ ಭಟ್ಕಳ. ಮೀನುದೋಣಿ ನಿಲ್ಲುವ ದಕ್ಕೆಗಳಲ್ಲಿ ನಿಂತು ಬಲೆ ಬಿಡಿಸುವವರನ್ನು ಕೇಳುವುದು, ಆಸ್ಪತ್ರೆಯಲ್ಲಿ ವಿಚಾರಿಸುವುದು, ರವಿವಾರ ಸಂಜೆ ವಾಪಸು. ಬಡಗಿಗೆ ಎಂದ ವಾರ ಗೋಕರ್ಣದ ಕಡೆ. ಇಲ್ಲಿಗೆ ಮಾತ್ರ ಬಂದಿರಲಿಲ್ಲ.

"ಹ್ವಾದ ಜಾಗಕ್ಕ ಬಂದು ಏನ್ ಮಾಡ್ಲಿ? ಬರೋ ಜಾಗಕ್ಕ ಹೋಗತಿದ್ದೆ" ಎಂದರು. "ಭಟ್ಕಳದಾಗ ಒಬ್ರು ಮುದುಕರು, ಸಾಬರು, ನನ್ನ ಗುರುತು ಹಿಡೀತಾರ ಈಗ. ಅವರು ಅಂದ್ರು, ಅಮ್ಮಾ, ಅವನು ಇಳಿದ ಜಾಗಾನೂ ಒಂದ್ಸಲ ನೋಡಿ ಬರ್ರಿ ಅಂತ. ಅದಕ್ಕ ಬಂದೆ."

ನನ್ನ ಕೈಯಲ್ಲಿ ಚಾದ ಲೋಟ ಹಾಗೇ ಇತ್ತು. ಅಷ್ಟು ದಿನ ನಾನು ಹುರುಪಿನಿಂದ ಹೇಳುತ್ತಿದ್ದ ಗಾಳಿಯ ಮಾತೆಲ್ಲ ಅವರಿಗೆ ಮಗ ಎತ್ತ ತೇಲುತ್ತಿದ್ದಾನೆ ಎಂಬ ಸುದ್ದಿಯಾಗಿತ್ತು. ಅಪ್ಪ ಒಳಗಿಂದ ಬಂದು, ಬಂಡೆಯ ಹತ್ತಿರಕ್ಕೆ ಅವರನ್ನು ಕರೆದುಕೊಂಡು ಹೋದ. ನಾನು ಹಿಂದೆ ಹೋದೆ.

"ಇಲ್ಲೇ ಅಕ್ಕೋರೆ."

ಅವರು ಬಂಡೆ ನೋಡಿದರು, ತಿರುಗಿ ಅಂಗಡಿ ನೋಡಿದರು. "ಇಷ್ಟ ಹತ್ತರನಾ?" ಎಂದರು. "ನಾ ಬಾಳ ದೂರ ಅಂದ್ಕೊಂಡಿದ್ದೆ."

ಆ ರಜೆ ಪೂರ್ತಿ ಅವರು ನಮ್ಮ ಮನೆಯಲ್ಲೇ ಉಳಿದರು. ನನ್ನ ಅವ್ವಿಯ ಜೊತೆ ತರಕಾರಿ ಹೆಚ್ಚುತ್ತಿದ್ದರು, ಅಕ್ಕಿ ಆರಿಸುತ್ತಿದ್ದರು. ಬೆಳಗಾದರೆ ನನ್ನ ಜೊತೆ ಅಂಗಡಿಗೆ. ನನಗೆ ಆಗ ಶುರುವಾದದ್ದು ಇನ್ನೂ ಪೂರ್ತಿ ಬಿಟ್ಟಿಲ್ಲ. ನೊರೆಯ ನಡುವೆ ತೆಂಗಿನಕಾಯಿ ತೇಲಿದರೆ ತಲೆಯ ಹಾಗೆ ಕಾಣುವುದು. ಬಲೆಯ ತೇಲುಬುರುಡೆ, ಕಡಲಹಕ್ಕಿ, ಏನೇ ಆದರೂ ಮೊದಲು ಮನುಷ್ಯನೇ. ಅಪ್ಪ ಸಮುದ್ರ ನೋಡಿ ಹೇಳುವಾಗ ಅವನ ಕಣ್ಣೂ ಮೊದಲು ಬಂಡೆಯ ಹತ್ತಿರ ಹೋಗಿ, ಆಮೇಲೆ ಉಳಿದ ಕಡೆ ತಿರುಗುವುದನ್ನು ನಾನು ಕಂಡೆ. ರಜೆ ಮುಗಿದು ಅಕ್ಕೋರು ಹುಬ್ಬಳ್ಳಿಗೆ ಹೋದ ಮೇಲೂ ಗಾಳಿ ಕೇಳುವ ಫೋನು ಮೊದಲಿನ ಹಾಗೇ ಬರುತ್ತಿತ್ತು.

ಮುಂದಿನ ವರ್ಷ ಗೋಕರ್ಣದ ಕಡೆಯಿಂದ ಒಬ್ಬ ಬಿಳಿಯ ಬಂದ. ಇಪ್ಪತ್ತು ಇಪ್ಪತ್ತೆರಡರ ಹುಡುಗ. ಆಳುದ್ದದ ಹಲಗೆಯೊಂದನ್ನು ತಾರಿಯಲ್ಲಿ ದಾಟಿಸಿ, ತಲೆಯ ಮೇಲೆ ಹೊತ್ತು ತಂದಿದ್ದ. ಅದರ ಮೇಲೆ ಬೋರಲು ಮಲಗಿ ಕೈಯಿಂದ ಹುಟ್ಟು ಹಾಕುತ್ತ ತೆರೆಗಳಾಚೆ ಹೋಗುವುದು, ಅಲ್ಲಿ ಕಾಯುತ್ತ ಕೂರುವುದು, ಒಳ್ಳೆಯ ತೆರೆ ಬಂದಾಗ ಎದ್ದು ನಿಂತು ದಡದವರೆಗೆ ಜಾರಿ ಬರುವುದು. ಊರಿನವರು ನಿಂತು ನೋಡುತ್ತಿದ್ದರು. ಅವನೂ ಸಮುದ್ರದ ಸುದ್ದಿಯವನೇ. ಕುಮಟಾದ ಸೈಬರ್ ಕೆಫೆಯಿಂದ ತೆರೆ ಎಷ್ಟೆತ್ತರ, ಗಾಳಿ ಎತ್ತ ಎಂದು ಮುದ್ರಿಸಿಕೊಂಡು ತರುತ್ತಿದ್ದ. ಅದನ್ನು ಬೆಂಚಿನ ಮೇಲೆ ಹರಡಿ ನನಗೂ ಅಪ್ಪನಿಗೂ ತೋರಿಸುತ್ತಿದ್ದ. ಕೆಲವು ದಿನ ಅವನ ಕಾಗದ ಸರಿ, ಕೆಲವು ದಿನ ಅಪ್ಪ ಸರಿ, ಕೆಲವು ದಿನ ಇಬ್ಬರೂ ತಪ್ಪು.

ಅವನು ಬಂದು ಸ್ವಲ್ಪ ದಿನಕ್ಕೆ ಅಕ್ಕೋರು ರಜೆಗೆ ಬಂದರು. ಅವನ ವಿಷಯ ನಾನು ಫೋನಿನಲ್ಲಿ ಹೇಳಿರಲಿಲ್ಲ. ಹೇಳಬೇಕೆಂದು ತೋಚಿರಲೂ ಇಲ್ಲ.

ಮೊದಲ ಬೆಳಿಗ್ಗೆ ಅವರು ಬೆಂಚಿನ ಮೇಲೆ ಕೂತು ಚಾ ಕುಡಿಯುತ್ತಿದ್ದರು. ಈಗ ಸಮುದ್ರದ ಕಡೆಗೇ ಮುಖ ಮಾಡಿ ಕೂರುವುದು ರೂಢಿಯಾಗಿತ್ತು. ಹುಡುಗ ತೆರೆಗಳಾಚೆ ಕಾಯುತ್ತಿದ್ದ. ದೊಡ್ಡದೊಂದು ತೆರೆ ಬಂತು, ಎದ್ದು ನಿಂತ, ಬಿದ್ದ. ಹಲಗೆ ಬೇರೆಯಾಗಿ ಮೇಲಕ್ಕೆ ಹಾರಿತು. ನೊರೆಯಲ್ಲಿ ಅವನ ತಲೆ ಕಂಡಿತು, ಮುಳುಗಿತು, ಮತ್ತೆ ಕಂಡಿತು. ಜಾಗ ಬಂಡೆಯಿಂದ ದೂರವೇನಲ್ಲ.

ಲೋಟ ಬಿದ್ದ ಸದ್ದು ಕೇಳಿ ತಿರುಗಿದೆ. ಅಕ್ಕೋರು ಮರಳಿನಲ್ಲಿ ಓಡುತ್ತಿದ್ದರು. "ಅಪ್ಪೀ, ಏ ಅಪ್ಪೀ, ಬಾರೋ" ಎಂದು ಕರೆಯುತ್ತಿದ್ದರು. ಅಷ್ಟೇನೂ ಜೋರಾಗಿ ಅಲ್ಲ, ಊಟಕ್ಕೆ ಕರೆಯುವ ಹಾಗೆ. ಸೀರೆ ಸಮೇತ ನೀರಿಗಿಳಿದರು. ನಾನು ಓಡಿ ಸೊಂಟಕ್ಕೆ ಕೈ ಹಾಕಿ ಹಿಡಿಯುವಷ್ಟರಲ್ಲಿ ನೀರು ಅವರ ಎದೆಗೆ ಬಂದಿತ್ತು. ಒಂದು ತೆರೆ ನಮ್ಮಿಬ್ಬರನ್ನೂ ಕೆಡವಿತು. ಉಪ್ಪುನೀರು ಕುಡಿದು ಎದ್ದಾಗ ಆ ಹುಡುಗ ನಮ್ಮ ಪಕ್ಕದಲ್ಲೇ ಇದ್ದ. ನಾವು ಮುಳುಗುತ್ತಿದ್ದೇವೆಂದು ಹಲಗೆ ಬಿಟ್ಟು ಬಂದಿದ್ದ. ಇಬ್ಬರನ್ನೂ ರೆಟ್ಟೆ ಹಿಡಿದು ದಡಕ್ಕೆ ತಂದ.

ಅಕ್ಕೋರು ಅವನ ಮುಖ ನೋಡಿದರು. ತುಂಬ ಹೊತ್ತು ನೋಡಿದರು. ತಮ್ಮ ಮಗನಲ್ಲ ಎಂದು ಅವರಿಗೆ ತಿಳಿದದ್ದು ಯಾವಾಗ ಎಂದು ನನಗೆ ಗೊತ್ತಾಗಲಿಲ್ಲ. ತಿಳಿದ ಮೇಲೂ ಅವರು ನಿಲ್ಲಿಸಲಿಲ್ಲ. ಒದ್ದೆ ಸೆರಗನ್ನೇ ಹಿಂಡಿ ಅವನ ತಲೆ ಒರೆಸತೊಡಗಿದರು. "ಎಷ್ಟ ಸಲ ಹೇಳಬೇಕೋ ನಿನಗ? ಒಂದ್ ಮಾತ್ ಹೇಳಿ ಹೋಗಬೇಕೋ ಬ್ಯಾಡೋ? ಮನ್ಯಾಗ ಕಾಯ್ಕೋತ ಕುಂತಿರತಾರ ಅನ್ನೂ ಖಬರ್ ಐತೇನು?" ಒರೆಸುತ್ತಲೇ ಬೈದರು. ಹುಡುಗನಿಗೆ ಒಂದು ಅಕ್ಷರ ಅರ್ಥವಾಗಲಿಲ್ಲ. ಆದರೆ ಅವನು ತಲೆ ಬಗ್ಗಿಸಿ, ಅವರು ಮುಗಿಸುವವರೆಗೂ ನಿಂತ. ಅಪ್ಪ ಆ ಕಡೆ ತಿರುಗಿಕೊಂಡ.

ಆಮೇಲೆ ನಾನು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಅವನಿಗೆ ವಿಷಯ ಹೇಳಿದೆ. ಅಂದಿನಿಂದ ಅವನು ನೀರಿಗಿಳಿಯುವ ಮೊದಲು ಅವರ ಎದುರು ಬಂದು ನಿಲ್ಲುತ್ತಿದ್ದ. ಅವರು "ಹೋಗಿ ಬಾ" ಅಂದ ಮೇಲೆ ಇಳಿಯುತ್ತಿದ್ದ. ಅವನು ಆಚೆ ಇದ್ದಷ್ಟು ಹೊತ್ತೂ ಅವರು ನಿಂತೇ ಇರುತ್ತಿದ್ದರು.

ರಜೆ ಮುಗಿದು ಹೋದ ಮೇಲೆ ಅವರ ಫೋನು ಬದಲಾಯಿತು. ಗಾಳಿ ಕೇಳುವುದು ಬಿಟ್ಟರು. "ಇವತ್ತ ಯಾರರ ಒಳಗ ಇಳದಾರೇನು?" ಎಂದು ಬೆಳಿಗ್ಗೆ ಕೇಳುತ್ತಿದ್ದರು. ಸಂಜೆ ಶಾಲೆಯಿಂದ ಬಂದು ಮತ್ತೆ ಮಾಡುತ್ತಿದ್ದರು. "ಎಲ್ಲಾರೂ ಹೊರಗ ಬಂದ್ರೇನು?" ಬಂದರು ಎಂದರೆ ಸಾಕು, ಇಟ್ಟುಬಿಡುತ್ತಿದ್ದರು. ಹೊನ್ನಾವರ, ಭಟ್ಕಳಕ್ಕೆ ಹೋಗುವುದೂ ನಿಂತಿತು. ಬಿಳಿಯ ಹುಡುಗ ತನ್ನ ದೇಶಕ್ಕೆ ಹೋದ, ಬೇರೆಯವರು ಹಲಗೆ ಹೊತ್ತು ಬಂದರು. ಸಂಜೆ ಅಂಗಡಿ ಮುಚ್ಚುವಾಗ ನಾನು ತೀರದ ಮೇಲೆ ಬಿಟ್ಟ ಚಪ್ಪಲಿ, ಅಂಗಿ ನೋಡಿಕೊಂಡು ಬರುತ್ತಿದ್ದೆ. ವಾರಸುದಾರರಿಲ್ಲದ ಚಪ್ಪಲಿ ಒಂದು ಕಂಡರೂ ಅದರ ಮನುಷ್ಯ ಸಿಗುವವರೆಗೆ ಮನೆಗೆ ಹೋಗಲು ಕಾಲು ಬರುತ್ತಿರಲಿಲ್ಲ.

ಕೆಲವು ವರ್ಷ ಕಳೆದು, ನನ್ನ ಮದುವೆ ಹೊನ್ನಾವರದ ಕಡೆ ನಿಶ್ಚಯವಾದ ಸಮಯದಲ್ಲಿ, ಅಕ್ಕೋರು ಗಂಡನ ಜೊತೆ ಬಂದರು. ಗೋಕರ್ಣದಲ್ಲಿ ಮಗನ ಕರ್ಮ ಮಾಡಿಸಿಕೊಂಡು ತಾರಿ ದಾಟಿ ಬಂದಿದ್ದರು. ದೇಹ ಸಿಗದಿದ್ದರೆ ದರ್ಭೆಯಲ್ಲಿ ಆಕಾರ ಮಾಡಿ ಸುಡುತ್ತಾರೆ. ಅದನ್ನು ಮಾಡಿಸಲು ಇಷ್ಟು ವರ್ಷ ಅಕ್ಕೋರೇ ಬಿಟ್ಟಿರಲಿಲ್ಲವಂತೆ. "ಸಾಕವ್ವಾ. ಇನ್ನ ಅವನೂ ಎಲ್ಲೀಮಟ ತಿರಗಬೇಕು" ಎಂದರು. ಅವರ ಗಂಡನನ್ನು ನಾನು ನೋಡಿದ್ದು ಆಗಲೇ. ಎತ್ತರದ ಮನುಷ್ಯ, ತಲೆ ಬೋಳಿಸಿದ್ದರು. ಚಾ ಕುಡಿದರು, ಆದರೆ ಸಮುದ್ರದ ಕಡೆ ಒಂದು ಸಲವೂ ತಿರುಗಲಿಲ್ಲ. ಅಪ್ಪ ಬಂಡೆ ತೋರಿಸುತ್ತೇನೆ ಎಂದಾಗ, "ಬ್ಯಾಡ್ರಿ" ಎಂದರು.

ಮಾರನೆಯ ದಿನ ಅಕ್ಕೋರ ಫೋನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅಪ್ಪ ಒಂದೆರಡು ಸಲ ರಿಸೀವರು ಎತ್ತಿ ಕಿವಿಗಿಟ್ಟು ನೋಡಿ ಇಟ್ಟ. "ಅವರಿಗೆ ಸಮಾಧಾನ ಆತು ಕಾಣ್ತದೆ, ಒಳ್ಳೇದೇ ಆತು" ಎಂದ. ನನಗೆ ಮಾತ್ರ ಆ ಹೊತ್ತಿಗೆ ಏನೋ ಮರೆತ ಹಾಗೆ ಆಗುತ್ತಿತ್ತು.

ಧನುರ್ಮಾಸದ ಚಳಿಯಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ಎತ್ತಿದೆ. ಆ ಕಡೆ ಉಸಿರು ಮಾತ್ರ. ಅಕ್ಕೋರೆ, ಎಂದೆ.

"ಆಕಿ ಮಲಗ್ಯಾಳ್ರಿ" ಎಂದಿತು ಗಂಡಸಿನ ಧ್ವನಿ. "ನಾನು, ಅವರ ಮನೀಯವರು. ಆಕಿಗೆ ಹೇಳಬ್ಯಾಡ್ರಿ."

"ಇಲ್ಲ, ಹೇಳೂದಿಲ್ಲ. ಎಂತ ಬೇಕಿತ್ತು?"

ಲೈನು ಕಡಿಯಿತೇನೋ ಅಂದುಕೊಂಡೆ.

"ನೀರು ಬಾಳ ತಣ್ಣಗಿರತೈತೇನ್ರಿ?"

ಆ ವರ್ಷ ನಾನು ಸಮುದ್ರಕ್ಕೆ ಕಾಲು ಹಾಕಿರಲಿಲ್ಲ. ಗೊತ್ತಿಲ್ಲದೆ ಹೇಳುವುದು ಸರಿ ಎನಿಸಲಿಲ್ಲ. ತಡೆಯಿರಿ ಎಂದು ರಿಸೀವರನ್ನು ಬೆಂಚಿನ ಮೇಲಿಟ್ಟು ಇಳಿದು ಹೋದೆ. ಮರಳು ಮಂಜಿನಂತಿತ್ತು, ಅಂಗಾಲು ಕೊರೆಯಿತು. ನೀರಿನಲ್ಲಿ ಮಂಡಿಯವರೆಗೆ ನಿಂತೆ. ಓಡಿ ವಾಪಸು ಬಂದೆ.

"ಬೆಚ್ಚಗಿದೆ" ಎಂದೆ. "ಹೊರಗೇ ಚಳಿ. ನೀರು ಬೆಚ್ಚಗಿದೆ."

"ಖರೇನಾ?"

"ಹೌದು. ಈಗಷ್ಟೇ ನಿಂತು ಬಂದೆ."

ಆ ಕಡೆ ಅವರು ಅಳುತ್ತಿದ್ದರೋ ಇಲ್ಲವೋ ನಾನು ಹೇಳಲಾರೆ. ನಾಳೆಯೂ ಫೋನ್ ಮಾಡಬಹುದೇ ಎಂದು ಕೇಳಿದರು. ಮಾಡಿ, ಎಂದೆ. ಮದುವೆಯಾಗಿ ಹೊನ್ನಾವರಕ್ಕೆ ಹೋಗುವವರೆಗೂ ಅವರ ದಿನದಿನದ ಫೋನಿಗೆ ನಾನೇ ಉತ್ತರ ಕೊಟ್ಟೆ, ಆಮೇಲೆ ಅಪ್ಪ.